ಮೂರು ದಿನದ ಬೆಂಗಳೂರು

ಅರಸೀಕೆರೆ
17 ಮಾರ್ಚ್ 2025

ಬಿಂದುಶ್ರೀ ಅವರಿಗೆ,

ಕುಶಲ ಕೇಳುವ ಸಂಬಂಧ ನಮ್ಮದಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಏಪ್ರಿಲ್ ಮೂರನೆಯ ವಾರ, ಶುಕ್ರವಾರ ಬಂದು ಭಾನುವಾರ ಹಿಂತಿರುಗುವಂತೆ, ನನ್ನ ಮಗಳು ಕವನಾ ಬೆಂಗಳೂರಿಗೆ ಬರುತ್ತಿದ್ದಾಳೆ. ನಿಮ್ಮ ಮನೆಯಲ್ಲಿ ಉಳಿಯುತ್ತಾಳೆ. ಅವಳ ಅಪ್ಪ ಅರುಣ್ ಫೋನಿನಲ್ಲಿ ಒಪ್ಪಿದ್ದಾರೆ. ಒಪ್ಪಿಸಿದವಳು ನಾನಲ್ಲ, ಅವಳೇ. ಏಳನೆಯ ತರಗತಿ ಮುಗಿಯುತ್ತ ಬಂತು. "ಕ್ಲಾಸಲ್ಲಿ ಎಲ್ರೂ ಬೆಂಗ್ಳೂರು ನೋಡಿದಾರೆ. ನಮ್ಮಪ್ಪ ಇರೋದೇ ಅಲ್ಲಿ, ನಾನೊಬ್ಳು ನೋಡಿಲ್ಲ" ಎಂದು ಅಪ್ಪನಿಗೆ ಹೇಳಿದಳು. ಕಾಮಾಕ್ಷಿಪಾಳ್ಯದ ಬಾಡಿಗೆ ಮನೆಯಿಂದ ಅವಳನ್ನು ಎತ್ತಿಕೊಂಡು ನಾನು ತವರಿಗೆ ಬಂದಾಗ ಅವಳಿಗೆ ಮೂರು ವರ್ಷ. ಆ ಊರಿನದೇನೂ ಅವಳ ನೆನಪಿನಲ್ಲಿಲ್ಲ. ಅವಳಿಗೆ ಅಪ್ಪನೆಂದರೆ, ಕಂಪನಿಯ ಸ್ವಿಚ್ಚು ವೈರು ಮಾರುತ್ತ ಊರೂರು ತಿರುಗುವಾಗ ಅಪರೂಪಕ್ಕೆ ಇಲ್ಲಿ ಇಳಿದು, ಸ್ಟೇಷನ್ ಎದುರಿನ ಹೋಟೆಲಿನಲ್ಲಿ ದೋಸೆ ಕೊಡಿಸಿ, ಮುಂದಿನ ರೈಲು ಹತ್ತುವ ಮನುಷ್ಯ.

ಇಷ್ಟು ವರ್ಷ ಮುಚ್ಚಿದ್ದ ಬಾಗಿಲು ಈಗ ಹೇಗೆ ತೆರೆಯಿತು ಎಂದು ನಾನು ಕೇಳುವುದಿಲ್ಲ.

ನನ್ನ ಸಹೋದ್ಯೋಗಿ ಪ್ರಭಾ ಅವಳನ್ನು ಯಶವಂತಪುರದವರೆಗೆ ಕರೆತಂದು ನಿಮಗೆ ಒಪ್ಪಿಸುತ್ತಾರೆ, ಭಾನುವಾರ ಅಲ್ಲಿಂದಲೇ ವಾಪಸು ಕರೆದುಕೊಳ್ಳುತ್ತಾರೆ. ಅವಳಿಗೆ ರಸ್ತೆಬದಿಯ ನೀರು, ಗೋಬಿ ಮಂಚೂರಿ ಬೇಡ. ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಬೇಡಿ. ಅವಳ ಫೋಟೋ ತೆಗೆದು ನಿಮ್ಮ ಸ್ಟೇಟಸ್‌ಗೆ ಹಾಕಿಕೊಳ್ಳಬೇಡಿ. ಚಿಕ್ಕಮ್ಮ ಎಂದು ಕರೆಯಲು ಕಲಿಸಬೇಡಿ, ಆಂಟಿ ಸಾಕು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವುದು ಎಂದರೇನೆಂದು ನಿಮಗೆ ಅಭ್ಯಾಸವಿಲ್ಲ, ಆದ್ದರಿಂದ ಇಷ್ಟು ಬರೆಯಬೇಕಾಯಿತು.

ಫೋನ್ ಮಾಡಬಹುದಿತ್ತು. ನಿಮ್ಮ ಧ್ವನಿ ಕೇಳುವ ಸಹನೆ ನನಗಿಲ್ಲ. ಮೇಲಾಗಿ, ಬರೆದದ್ದನ್ನು ನಾಳೆ ಯಾರೂ ಇಲ್ಲ ಎನ್ನಲಾಗುವುದಿಲ್ಲ.

ಇತಿ,
ಸುಮಾ

*

ಗೋವಿಂದರಾಜನಗರ, ಬೆಂಗಳೂರು
25 ಮಾರ್ಚ್ 2025

ಸುಮಾ ಅವರಿಗೆ,

ಪತ್ರ ತಲುಪಿತು. ಪೋಸ್ಟ್‌ಮ್ಯಾನ್ ಕೈಯಿಂದ ಪತ್ರ ತೆಗೆದುಕೊಂಡು ಎಷ್ಟು ವರ್ಷವಾಯಿತೋ. ನಮ್ಮಮ್ಮ ಬೋರಮ್ಮ ಯಾರೋ ಸತ್ತ ಸುದ್ದಿ ಎಂದೇ ತಿಳಿದು ಹೊಸ್ತಿಲ ಬಳಿ ನಿಂತಿದ್ದರು.

ನಮಗೆ ಮಕ್ಕಳಿಲ್ಲ ಎಂಬುದನ್ನು ನೀವು ಎಷ್ಟು ಚಂದವಾಗಿ ಸುತ್ತಿ ಬರೆದಿದ್ದೀರಿ. ಆ ಸಾಲಿನ ಹತ್ತಿರ ನಿಮ್ಮ ಪೆನ್ನು ಒಂದು ಕ್ಷಣವಾದರೂ ನಿಂತಿತೇ ಎಂದು ಅಕ್ಷರ ನೋಡಿದೆ. ನಿಂತಿಲ್ಲ. ಬಾಗಿಲು ಮುಚ್ಚಿದ್ದು ಯಾರು ಎಂಬುದು ನಮ್ಮಿಬ್ಬರಿಗೂ ಗೊತ್ತು, ಅದರ ಚರ್ಚೆ ನನಗೂ ಬೇಡ.

ಮಗು ಬರಲಿ. ನಿಮ್ಮ ಷರತ್ತುಗಳನ್ನು ಓದಿದರೆ ನಾವೆಲ್ಲ ಚರಂಡಿ ನೀರು ಕುಡಿದು ಬದುಕಿರುವವರು ಎಂದು ಯಾರಾದರೂ ತಿಳಿಯಬೇಕು. ಈ ಮನೆ ನಮ್ಮಮ್ಮನದು. ನಮ್ಮ ತಾತ ಅತ್ತಿಗುಪ್ಪೆ ಕಡೆ ರಾಗಿ ಬೆಳೆಯುತ್ತಿದ್ದವರು. ಊರು ನಮ್ಮ ಹೊಲದ ಮೇಲೆ ಬಂದು ಕುಳಿತದ್ದೇ ಹೊರತು ನಾವು ಬೆಂಗಳೂರಿಗೆ ಬಂದವರಲ್ಲ. ಇಲ್ಲಿ ಏನು ತಿನ್ನಬೇಕು, ಎಲ್ಲಿ ತಿನ್ನಬಾರದು ಎಂದು ಅರಸೀಕೆರೆಯಿಂದ ಬರೆದು ತಿಳಿಸುವ ಅಗತ್ಯವಿಲ್ಲ.

ಮೂರು ದಿನದಲ್ಲಿ ಆಗುವಷ್ಟು ತೋರಿಸುತ್ತೇವೆ. ಶುಕ್ರವಾರ ಮೆಟ್ರೋದಲ್ಲಿ ಹೋಗಿ ಹೊರಗಿನಿಂದ ವಿಧಾನಸೌಧ, ಅಲ್ಲಿಂದ ಕಬ್ಬನ್ ಪಾರ್ಕು, ಪಕ್ಕದಲ್ಲೇ ವಿಜ್ಞಾನದ ಮ್ಯೂಸಿಯಂ. ಮಧ್ಯಾಹ್ನ ಅವಳಿಗೆ ಐಸ್‌ಕ್ರೀಮು, ಸಂಜೆ ಎಂ.ಜಿ. ರಸ್ತೆಯ ದೀಪ. ಶನಿವಾರ ಬೆಳಿಗ್ಗೆ ಲಾಲ್‌ಬಾಗ್, ಗಾಜಿನ ಮನೆ, ಬಂಡೆ ಹತ್ತಿ ಊರು ನೋಡುವುದು, ಇಳಿದು ಬಂದು ಮಸಾಲೆ ದೋಸೆ, ಸಂಜೆ ತಾರಾಲಯ. ಭಾನುವಾರ ಬೆಳಿಗ್ಗೆ ಮನೆಯಲ್ಲಿ ನಮ್ಮಮ್ಮನ ಅಡುಗೆ, ಮಧ್ಯಾಹ್ನದ ರೈಲು. ಅರುಣ್ ರಜೆ ಹಾಕಿದ್ದಾರೆ, ಮೂರೂ ದಿನ ಜೊತೆಗಿರುತ್ತಾರೆ. ನಿಮ್ಮ ಮಗಳನ್ನು ನಾನು ಒಬ್ಬಳೇ ಎಲ್ಲಿಗೂ ಕರೆದುಕೊಂಡು ಹೋಗುವ ಪ್ರಸಂಗವೇ ಇಲ್ಲ. ನೆಮ್ಮದಿಯಾಗಿರಿ.

ಬಿಂದುಶ್ರೀ

*

ಅರಸೀಕೆರೆ
2 ಏಪ್ರಿಲ್ 2025

ಬಿಂದುಶ್ರೀ ಅವರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಿಟ್ಟಿಗಲ್ಲ. ನಗು ಬಂದದ್ದಕ್ಕೆ.

ವಿಧಾನಸೌಧ ಹೊರಗಿನಿಂದ. ಕಬ್ಬನ್ ಪಾರ್ಕು. ಮ್ಯೂಸಿಯಂ. ಐಸ್‌ಕ್ರೀಮು. ಎಂ.ಜಿ. ರಸ್ತೆಯ ದೀಪ. ಮರುದಿನ ಲಾಲ್‌ಬಾಗ್, ಬಂಡೆ, ಇಳಿದು ಬಂದು ದೋಸೆ. ತಾತನ ಕಾಲದಿಂದ ಅಲ್ಲೇ ಇರುವವರು ನೀವು, ನಿಮಗೆ ಇದನ್ನು ತೋರಿಸಿದ್ದು ಯಾರು? ಮದುವೆಯಾದ ವಾರ ಅರುಣ್ ನನ್ನನ್ನು ಇದೇ ದಾರಿಯಲ್ಲಿ ಸುತ್ತಿಸಿದರು. ಆಗ ಮೆಟ್ರೋ ಇರಲಿಲ್ಲ, ಸಿಟಿ ಬಸ್ಸು. ಲಾಲ್‌ಬಾಗಿನ ಬಂಡೆಯ ಮೇಲೆ ನನ್ನನ್ನು ಪಶ್ಚಿಮಕ್ಕೆ ತಿರುಗಿಸಿ ನಿಲ್ಲಿಸಿ, "ಅಲ್ನೋಡು, ಆ ಕಡೆ ನಮ್ಮನೆ. ಒಂದಿನ ಅಲ್ಲೇ ಸ್ವಂತ ಮನೆ ಮಾಡ್ತೀನಿ" ಎಂದಿದ್ದರು. ನಿಮ್ಮನ್ನೂ ಅಲ್ಲೇ ನಿಲ್ಲಿಸಿ ಅದನ್ನೇ ಹೇಳಿರುತ್ತಾರೆ. ಮನೆ ಮಾತ್ರ ನಿಮ್ಮಮ್ಮನದೇ ಸಿಕ್ಕಿತು.

ಅವಳಿಗೆ ಏನು ಬೇಕಾದರೂ ತೋರಿಸಿ. ನನ್ನ ಹಳೆಯ ದಾರಿಯಲ್ಲಿ ನಿಮ್ಮ ಕೈ ಹಿಡಿದು ನನ್ನ ಮಗಳು ನಡೆಯುವುದನ್ನು ನೆನೆಯಲಾಗುವುದಿಲ್ಲ, ಅಷ್ಟೇ. ಅದು ನನ್ನ ಹಣೆಬರಹ, ನಿಮ್ಮದಲ್ಲ.

ಊಟದ ಬಗ್ಗೆ ಇನ್ನೊಂದು. ಅವಳು ಹಟ ಹಿಡಿದರೆ ತಟ್ಟೆ ಮುಟ್ಟುವುದಿಲ್ಲ. ಬಲವಂತ ಮಾಡಬೇಡಿ, ಮುದ್ದೂ ಮಾಡಬೇಡಿ. ತಟ್ಟೆ ಅಲ್ಲೇ ಇಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ. ಹಸಿವಾದಾಗ ತಾನೇ ಬರುತ್ತಾಳೆ.

ಸುಮಾ

*

ಗೋವಿಂದರಾಜನಗರ
9 ಏಪ್ರಿಲ್ 2025

ಸುಮಾ ಅವರಿಗೆ,

ಹೌದು, ಆ ಬಂಡೆಯ ಮೇಲೆ ನನ್ನನ್ನೂ ನಿಲ್ಲಿಸಿದ್ದರು. ಅದನ್ನು ತಿಳಿಸಿ ನಿಮಗೆ ಬಹಳ ಸಂತೋಷವಾಗಿರಬೇಕು. ಇಟ್ಟುಕೊಳ್ಳಿ.

ಆ ದಾರಿ ಪೂರ್ತಿ ರದ್ದು. ಲಾಲ್‌ಬಾಗೂ ಇಲ್ಲ, ಪಾರ್ಕೂ ಇಲ್ಲ. ನಾನು ಹುಟ್ಟಿ ಬೆಳೆದ ಬೆಂಗಳೂರು ಮೆಜೆಸ್ಟಿಕ್ಕಿನಿಂದ ಈಚೆಗಿದೆ. ಅದನ್ನು ನನಗೆ ಯಾವ ಗಂಡಸೂ ತೋರಿಸಿಲ್ಲ. ಮಗು ಅದನ್ನೇ ನೋಡಲಿ. ಸಹಪಾಠಿಗಳ ಮುಂದೆ ಹೇಳಿಕೊಳ್ಳಲು ಏನೂ ಸಿಗದಿದ್ದರೆ ಅದಕ್ಕೆ ನಿಮ್ಮ ಪತ್ರವೇ ಕಾರಣ.

ಅರುಣ್ ಟೂರು ಮುಗಿಸಿ ದಾವಣಗೆರೆಯಿಂದ ನೇರವಾಗಿ ಯಶವಂತಪುರಕ್ಕೆ ಬರುತ್ತಾರೆ. ಶುಕ್ರವಾರ ಬೆಳಿಗ್ಗೆ ಇಬ್ಬರೂ ಪ್ಲಾಟ್‌ಫಾರಂನಲ್ಲಿ ಇರುತ್ತೇವೆ.

ಬಿಂದುಶ್ರೀ

*

ಅರಸೀಕೆರೆ
24 ಏಪ್ರಿಲ್ 2025

ಬಿಂದುಶ್ರೀ,

ಅವರು ಇರಲಿಲ್ಲವಂತೆ.

ಮೂರು ದಿನ. ಒಂದು ಹೊತ್ತಿಗೂ ಇಲ್ಲ. ಇದು ಮೊದಲು ತಿಳಿದದ್ದು ಕವನಾಳಿಂದಲ್ಲ. ಅವಳು ಬಂದಾಗಿನಿಂದ ಬಾಯಿ ಬಿಡುತ್ತಿಲ್ಲ. ಪ್ಲಾಟ್‌ಫಾರಂನಲ್ಲಿ ನೀವೊಬ್ಬರೇ ನಿಂತಿದ್ದಿರೆಂದು ಪ್ರಭಾ ಹೇಳಿದರು. ಆಮೇಲೆ ನಾನು ಅವಳನ್ನು ಕೇಳಿದೆ. "ಅಪ್ಪ ಬರ್ಲಿಲ್ಲ" ಎಂದಳು, ಮುಗಿಯಿತು. ಏನು ನೋಡಿದೆ ಎಂದರೆ "ಮೆಟ್ರೋ." ಏನು ತಿಂದೆ ಎಂದರೆ "ಎಲ್ಲಾ."

ನನಗೆ ಅರ್ಥವಾಗುವುದಿಲ್ಲ ಎಂದುಕೊಂಡಿರಾ? ನೀವೇ ಅವರನ್ನು ಊರಿಂದ ಆಚೆ ಉಳಿಸಿದಿರಿ. ಇಷ್ಟು ವರ್ಷ ಮಾಡಿದ್ದನ್ನೇ ಈ ಸಲ ಇನ್ನೂ ನಾಜೂಕಾಗಿ ಮಾಡಿದಿರಿ. ಪ್ರತಿ ಬೇಸಿಗೆಯಲ್ಲೂ ಅವಳು ಬರುತ್ತೇನೆ ಎನ್ನುತ್ತಿದ್ದಳು, ಪ್ರತಿ ಬೇಸಿಗೆಯಲ್ಲೂ ಅವರು ಫೋನಿನಲ್ಲಿ ತಗ್ಗಿದ ಧ್ವನಿಯಲ್ಲಿ, "ಬಿಂದು ಒಪ್ತಾ ಇಲ್ಲ ಸುಮಾ. ಆ ಮಗು ಈ ಮನೆ ಹೊಸ್ತಿಲು ತುಳಿದ್ರೆ ನಾನಿರಲ್ಲ ಅಂತಾಳೆ. ನಾನೇನ್ ಮಾಡ್ಲಿ" ಎನ್ನುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತ ಮಗುವಿನ ಮುಖ ನೋಡುತ್ತಿದ್ದೆ. ಈಗ ಕರೆಸಿಕೊಂಡು, ಅಪ್ಪನನ್ನು ತೋರಿಸದೆ ಕಳಿಸಿದ್ದೀರಿ. ಬರಬೇಡ ಎಂದಿದ್ದರೇ ಮರ್ಯಾದೆ ಇತ್ತು.

ಇನ್ನೊಂದು. ಅವಳ ಜಡೆ ನಾನು ಹಾಕುವಂಥದ್ದಲ್ಲ, ಬಿಗಿಯಾಗಿ, ತುದಿಯವರೆಗೂ ಹೆಣೆದದ್ದು. ಬಿಚ್ಚುತ್ತೇನೆ ಎಂದರೆ ತಲೆ ಹಿಂದಕ್ಕೆಳೆದುಕೊಂಡಳು. ಎರಡು ದಿನ ಹಾಗೇ ಮಲಗಿದಳು. ನನ್ನ ಮಗಳಿಗೆ ನೀವು ಏನು ಮಾಡಿದಿರಿ? ಉತ್ತರ ಬೇಕು.

ಸುಮಾ

*

ಗೋವಿಂದರಾಜನಗರ
3 ಮೇ 2025

ಸುಮಾ ಅವರಿಗೆ,

ಏನು ಮಾಡಿದೆ ಎಂದು ಕೇಳಿದ್ದೀರಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮಗೆ ಸಮಾಧಾನವಾಗಲಿ ಎಂದಲ್ಲ. ನಿಮ್ಮ ಪತ್ರದಲ್ಲಿ ಒಂದು ಸುಳ್ಳಿದೆ, ಅದು ನಿಮ್ಮದಲ್ಲ ಎಂದು ನನಗೆ ಈಗ ಗೊತ್ತಾಗಿದೆ.

ಶುಕ್ರವಾರ ಬೆಳಿಗ್ಗೆ ರೈಲು ಬರುವ ಮೊದಲೇ ಅರುಣ್ ಫೋನ್ ಮಾಡಿ, ಡೀಲರ್ ಹತ್ತಿರ ತಡವಾಯಿತು, ಮಧ್ಯಾಹ್ನ ಮನೆಗೆ ಬರುತ್ತೇನೆ ಎಂದರು. ಕವನಾ ಇಳಿದವಳೇ ನನ್ನ ಬೆನ್ನ ಹಿಂದೆ ನೋಡಿದಳು. "ಅಪ್ಪ ಮಧ್ಯಾಹ್ನ ಬರ್ತಾರೆ ಪುಟ್ಟಾ" ಎಂದೆ. "ನನ್ ಹೆಸರು ಕವನಾ" ಎಂದಳು. ಆಟೋದಲ್ಲಿ ಬ್ಯಾಗನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡಳು.

ಮಧ್ಯಾಹ್ನ ಬರಲಿಲ್ಲ. ಸಂಜೆ ಎಂದರು. ಅವಳು ಬಾಲ್ಕನಿಯಲ್ಲಿ ನಿಂತು ಬೀದಿ ನೋಡುತ್ತಿದ್ದಳು. ನಮ್ಮಮ್ಮ ಮುದ್ದೆ, ಸೊಪ್ಪಿನ ಬಸ್ಸಾರು ಮಾಡಿ ಕರೆದರು. "ಹಸಿವಿಲ್ಲ." ನೀವು ಬರೆದ ಹಾಗೇ ತಟ್ಟೆ ಇಟ್ಟು ನನ್ನ ಕೆಲಸ ನೋಡಿಕೊಂಡೆ. ಸಾರು ಆರಿ ಕೆನೆ ಕಟ್ಟಿತು. ಅವಳು ಬರಲಿಲ್ಲ. ನಿಮ್ಮ ಉಪಾಯ ನಿಮ್ಮ ಮನೆಯಲ್ಲಿ ಮಾತ್ರ ನಡೆಯುತ್ತದೆ.

ಶನಿವಾರ ಅವರು ಹುಬ್ಬಳ್ಳಿಯಲ್ಲಿದ್ದರು. ಅಲ್ಲಿಗೆ ಯಾಕೆ ಹೋದರು ಎಂದು ನಾನು ಕೇಳಲಿಲ್ಲ, ಮಗು ಪಕ್ಕದಲ್ಲೇ ಇತ್ತು. ಅವಳನ್ನು ಮನೆಯಲ್ಲಿ ಕೂರಿಸಿದರೆ ಅದೇ ಬಾಲ್ಕನಿ. ಎಬ್ಬಿಸಿ ಕರೆದುಕೊಂಡು ಹೋದೆ. ಮೊದಲು ತಟ್ಟೆ ಇಡ್ಲಿ. ನಿಂತು ತಿನ್ನುವ ಜಾಗ, ಬಾಳೆಲೆಯ ಮೇಲೆ ತಟ್ಟೆಯಗಲದ ಒಂದೇ ಇಡ್ಲಿ, ಮೇಲೆ ಬೆಣ್ಣೆ. ಅರ್ಧ ತಿಂದು ಉಳಿದದ್ದನ್ನು ನನ್ನ ಕಣ್ಣೆದುರೇ ಬುಟ್ಟಿಗೆ ಹಾಕಿದಳು. ವಿಜಯನಗರದಲ್ಲಿ ಮೆಟ್ರೋ ಹತ್ತಿದೆವು. ಎಲ್ಲರೂ ಊರೊಳಗೆ ಹೋಗುವ ಕಡೆ ಹತ್ತಿದರೆ ನಾವು ಎದುರು ಪ್ಲಾಟ್‌ಫಾರಂ. ಕೆಂಗೇರಿ ದಾಟಿ ಕೊನೆಯ ಸ್ಟೇಷನ್‌ವರೆಗೆ ಹೋಗಿ, ಅದೇ ರೈಲಿನಲ್ಲಿ ವಾಪಸು. ಮೇಲಿನಿಂದ ಮೈಸೂರು ರಸ್ತೆ, ಕಪ್ಪಗೆ ಹರಿಯುವ ವೃಷಭಾವತಿ, ಗೋದಾಮುಗಳ ತಗಡು, ಅಲ್ಲಲ್ಲಿ ಉಳಿದ ತೆಂಗಿನ ತೋಟ, ದೂರದಲ್ಲಿ ಗುಡ್ಡ. ನನ್ನ ತಾತ ಆ ನದಿಯಲ್ಲಿ ಎತ್ತು ತೊಳೆಯುತ್ತಿದ್ದರು ಎಂದೆ. "ಆ ನೀರಲ್ಲಾ?" ಎಂದಳು. ಎರಡು ದಿನದಲ್ಲಿ ಅವಳಾಗಿ ಕೇಳಿದ ಮೊದಲ ಪ್ರಶ್ನೆ. ಆಮೇಲೆ ಕಿಟಕಿಗೆ ಹಣೆ ಒತ್ತಿ ಕುಳಿತಳು, ಇಳಿಯಲು ಮನಸ್ಸು ಮಾಡಲಿಲ್ಲ.

ಮಧ್ಯಾಹ್ನ ರಾಜಾಜಿನಗರದ ಮಾಲ್. ಎಸ್ಕಲೇಟರಿನಲ್ಲಿ ಕೈ ಹಿಡಿಯಲು ಹೋದರೆ ಕೈ ಜೇಬಿಗೆ ಹಾಕಿಕೊಂಡಳು. ಸಂಜೆ ವಿಜಯನಗರದ ತಿಂಡಿ ಬೀದಿ. ಹೌದು, ರಸ್ತೆಬದಿ. ಹೌದು, ನಿಮ್ಮ ಷರತ್ತು ಮುರಿದೆ. ಮಸಾಲೆ ಪೂರಿ, ಬೆಣ್ಣೆ ಖಾಲಿ ದೋಸೆ, ಆಮೇಲೆ ಜಾಮೂನು ತಂದುಕೊಟ್ಟೆ. ಜಾಮೂನಿನ ಬಟ್ಟಲನ್ನು ಕಟ್ಟೆಯ ಮೇಲಿಟ್ಟು, ಸುತ್ತ ಅಷ್ಟು ಜನರ ನಡುವೆ ನನ್ನ ಮುಖ ನೋಡಿ ಕೇಳಿದಳು.

"ನೀವೇ ತಾನೇ ನನ್ನನ್ನ ಮನೆಗ್ ಬರಬೇಡ ಅಂತಿದ್ದಿದ್ದು?"

"ಯಾರು ಹೇಳಿದ್ದು?"

"ಅಪ್ಪ. ಈಗ್ಲೂ ನೀವೇ ಅಪ್ಪನ್ನ ಬರಬೇಡ ಅಂದಿರ್ತೀರ. ಅದಕ್ಕೇ ಹೀಗೆ ತಿನ್ನಿಸ್ತಾ ಇದೀರ."

ಪಕ್ಕದ ಹೆಂಗಸು ತಿನ್ನುವುದು ಬಿಟ್ಟು ನನ್ನನ್ನು ನೋಡಿದಳು. ಇಬ್ಬರೂ ಮನೆವರೆಗೆ ನಡೆದೆವು. ಅವಳು ಎರಡು ಹೆಜ್ಜೆ ಮುಂದೆ.

ಮನೆಯಲ್ಲಿ ನಮ್ಮಮ್ಮನ ಎದುರು ನನಗೆ ಅಳು ಬಂದುಬಿಟ್ಟಿತು. ಅವರು ವಿಷಯ ಕೇಳಿ ಮಗುವನ್ನು ಬೈಯಲಿಲ್ಲ, ನನ್ನನ್ನೂ ಸಮಾಧಾನ ಮಾಡಲಿಲ್ಲ. "ಬಾ ಇಲ್ಲಿ ಕೂಸೇ" ಎಂದು ಅವಳನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಬೀರು ತೆಗೆದರು. ಒಳಗೆ ಫ್ರಾಕುಗಳಿದ್ದವು. ಪ್ರತಿ ಯುಗಾದಿಗೆ ಅರುಣ್ "ಈ ಬೇಸಿಗೆಗೆ ಮಗಳು ಬರ್ತಾಳೆ ಅತ್ತೆ" ಎನ್ನುತ್ತಿದ್ದರು; ನಮ್ಮಮ್ಮ ಅಳತೆ ಊಹಿಸಿ ಒಂದು ಕೊಳ್ಳುತ್ತಿದ್ದರು. ರಜೆ ಮುಗಿಯುವಾಗ ಅರುಣ್ ಬೇಸರದ ಮುಖ ಮಾಡಿಕೊಂಡು, "ಸುಮಾ ಕಳಿಸಲ್ವಂತೆ. ಬೇಕಾದ್ರೆ ಕೋರ್ಟಿಗೆ ಹೋಗು ಅಂದ್ಲು" ಎನ್ನುತ್ತಿದ್ದರು. ಫ್ರಾಕು ಬೀರು ಸೇರುತ್ತಿತ್ತು. ಎಲ್ಲವೂ ಹಾಗೇ ಇವೆ, ಲೇಬಲ್ಲೂ ಕಿತ್ತಿಲ್ಲ.

"ನಿನ್ ಮುಖ ನೋಡಿರ್ನಿಲ್ಲ ಕಣವ್ವಾ. ಇಷ್ಟೆತ್ತರ ಇರ್ಬೋದು ಅಂತ ಕೈಯಲ್ಲಿ ತೋರ್ಸಿ ತರ್ತಿದ್ದೆ" ಎಂದರು ನಮ್ಮಮ್ಮ.

ಕವನಾ ಎಲ್ಲದಕ್ಕಿಂತ ದೊಡ್ಡದನ್ನು ತೆಗೆದು ಮೈಗೆ ಹಿಡಿದುಕೊಂಡಳು. ತೋಳು ಸಾಲದು. ಅದನ್ನು ಮಡಿಸಲು ಬಹಳ ಹೊತ್ತು ತೆಗೆದುಕೊಂಡಳು.

ಭಾನುವಾರ ಬೆಳಿಗ್ಗೆ ಬಾಚಣಿಗೆ ಹಿಡಿದು ತಾನಾಗಿ ನನ್ನ ಮುಂದೆ ಬಂದು ಕುಳಿತಳು. ಜಡೆ ಹಾಕುತ್ತಿದ್ದೆ. ಹೊರಡುವ ಮೊದಲು ಅಪ್ಪನಿಗೆ ಹೇಳಿಬಿಡುತ್ತೇನೆ ಎಂದು ನಮ್ಮಮ್ಮನ ಫೋನಿನಿಂದ ಕರೆ ಮಾಡಿದಳು. ನಮ್ಮಮ್ಮನಿಗೆ ಕಿವಿ ಮಂದ. ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ.

"ಅಪ್ಪಾ, ಯಾಕ್ ಬರ್ಲಿಲ್ಲ?"

"ಏನ್ ಮಾಡ್ಲಿ ಪುಟ್ಟಾ. ಆಂಟಿ ಬೇಡ ಅಂದ್ಲು ಕಣೋ. ನಾನು ಬಂದ್ರೆ ನಿನ್ನೆದುರೇ ಜಗಳ ತೆಗೀತಾಳೆ. ನಿಂಗ್ಯಾಕೆ ಅದೆಲ್ಲಾ ಅಂತ ಸುಮ್ನಾದೆ. ಅಜ್ಜಿಗೆ ಹೇಳ್ಬೇಡ ಆಯ್ತಾ?"

ಅವಳ ಕೂದಲು ನನ್ನ ಕೈಯಲ್ಲಿತ್ತು. ಅವಳು ತಿರುಗಿ ನೋಡಲಿಲ್ಲ. "ಆಯ್ತು ಅಪ್ಪಾ" ಎಂದು ಫೋನ್ ಇಟ್ಟಳು. ನಾನು ಜಡೆ ತುದಿಯವರೆಗೂ ಹೆಣೆದೆ. ನಡುವೆ ನಿಲ್ಲಿಸಿದ್ದರೆ ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ. ಬಿಗಿಯಾಗಿದ್ದರೆ ಅದಕ್ಕೇ.

ಸ್ಟೇಷನ್‌ನಲ್ಲಿ "ಹಸಿವಾಗ್ತಿದೆ" ಎಂದಳು. ವಡೆ ಕೊಡಿಸಿದೆ, ಇನ್ನೊಂದು ಬೇಕು ಎಂದಳು. ರೈಲು ಬರುವವರೆಗೂ ತಿಂದಳು.

ಈಗ ನನ್ನ ಪ್ರಶ್ನೆ. ಮಗುವನ್ನು ಕಳಿಸುವುದಿಲ್ಲ, ಕೋರ್ಟಿಗೆ ಹೋಗು ಎಂದು ನೀವು ಯಾವತ್ತಾದರೂ ಹೇಳಿದ್ದೀರಾ? ಹೌದು ಅಥವಾ ಇಲ್ಲ. ಬೇರೆ ಏನೂ ಬರೆಯಬೇಡಿ. ನಿಮ್ಮ ವಾಕ್ಯಗಳು ನನಗೆ ಸಾಕಾಗಿವೆ.

ಬಿಂದುಶ್ರೀ

*

ಅರಸೀಕೆರೆ
9 ಮೇ 2025

ಇಲ್ಲ.

ಸುಮಾ

*

ಗೋವಿಂದರಾಜನಗರ
11 ಜೂನ್ 2025

ಸುಮಾ ಅವರಿಗೆ,

ಒಂದು ಎಚ್ಚರಿಕೆ ತಿಳಿಸಲು ಬರೆಯುತ್ತಿದ್ದೇನೆ. ಉಪಕಾರ ಎಂದು ತಿಳಿಯಬೇಡಿ.

ಅರುಣ್ ಈಗ ಈ ಮನೆಯಲ್ಲಿಲ್ಲ. ನಿಮ್ಮ ಪತ್ರ ಬಂದ ಮೇಲೂ ನಾನು ಬಹಳ ದಿನ ಸುಮ್ಮನಿದ್ದೆ. ಆತ ಟೂರಿಗೆ ಹೋಗುತ್ತಿದ್ದರು, ಬರುತ್ತಿದ್ದರು, ಬಟ್ಟಲು ಮುಂದೆ ನೂಕಿ ಸಾರು ಬಡಿಸಿಕೊಳ್ಳುತ್ತಿದ್ದರು. ನಾನು ನೋಡುತ್ತಿದ್ದೆ. ಇಷ್ಟು ಸಲೀಸಾಗಿ ಉಣ್ಣುವ ಮನುಷ್ಯನಿಗೆ ಸುಳ್ಳು ಹೇಳಲು ಕಷ್ಟವೇ ಇಲ್ಲವೇ ಎಂದು. ಕಳೆದ ವಾರ ಉಣ್ಣುತ್ತಾ, "ಪಾಪ ಕವನಾ, ಆ ಸುಮಾ ಇನ್ಮೇಲೆ ಕಳ್ಸೋದಿಲ್ಲ ಬಿಡು" ಎಂದರು. ಯಾರೂ ಏನೂ ಕೇಳಿರಲಿಲ್ಲ.

"ಸುಮಾ ಹಾಗಂದಿಲ್ಲ. ಯಾವತ್ತೂ ಅಂದಿಲ್ಲ. ನಾನೂ ಬೇಡ ಅಂದಿಲ್ಲ. ನಿಮ್ಗೆ ಆ ಮಗು ಇಲ್ಲಿಗೆ ಬರೋದು ಬೇಡವಾಗಿತ್ತು" ಎಂದೆ.

ಕೈ ತೊಳೆದುಕೊಂಡು ಬಂದು ಕೂತರು. "ನಿನ್ನೂ ಸುಮಾನ್ನೂ ಒಂದ್ ಕಡೆ ಬಿಟ್ರೆ ನನ್ ತಲೆ ತಿಂತೀರ ಅಂತ ಹಾಗಂದೆ. ಯಾರಿಗೇನ್ ನಷ್ಟ ಆಯ್ತು ಈಗ?" ಆಮೇಲೆ, "ನಿಂಗ್ ಹೇಳಿದ್ಯಾರು? ಸುಮಾನಾ?"

"ಹೂಂ" ಎಂದೆ.

ಮಗಳ ಫೋನಿನ ವಿಷಯ ಎತ್ತಲಿಲ್ಲ. ಎತ್ತಿದರೆ ನಾಳೆ ಆ ಮಗುವಿನ ಮೇಲೆ ತಿರುಗುತ್ತಾರೆ. ನಿಮ್ಮ ಮೇಲೆ ತಿರುಗಲಿ, ನಿಮಗೆ ಅಭ್ಯಾಸವಿದೆ.

ನಮ್ಮಮ್ಮ ಬಾಗಿಲಲ್ಲಿ ನಿಂತು, "ಮನೆ ನಂದು ಕಣಪ್ಪಾ. ನಿನ್ ಬಟ್ಟೆ ತಕ್ಕೊಂಡು ಹೊರಡು" ಎಂದರು. ಕೆಂಗೇರಿಯಲ್ಲಿ ಯಾರೋ ಸ್ನೇಹಿತನ ರೂಮಿನಲ್ಲಿದ್ದಾರಂತೆ. ನಿಮ್ಮಲ್ಲಿಗೆ ಬರಬಹುದು.

ನೀವು ನನಗೆ ಮಾಡಿದ ಅವಮಾನವನ್ನು ನಾನು ಮರೆತಿಲ್ಲ. ಆತ ಸುಳ್ಳುಗಾರ ಎಂದ ಮಾತ್ರಕ್ಕೆ ನೀವು ಒಳ್ಳೆಯವರಾಗುವುದಿಲ್ಲ.

ಬಿಂದುಶ್ರೀ

*

ಅರಸೀಕೆರೆ
20 ಜುಲೈ 2025

ಬಿಂದುಶ್ರೀ ಅವರಿಗೆ,

ನನ್ನ ಹೆಸರನ್ನು ಗುರಾಣಿ ಮಾಡಿಕೊಳ್ಳಲು ನಿಮಗೆ ಯಾರು ಹೇಳಿದರು? ಕಾರಣ ಬರೆದಿದ್ದೀರಿ. ಓದಿದೆ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಅದರಿಂದ ನನ್ನ ಸಿಟ್ಟು ಕಡಿಮೆಯಾಗಲಿಲ್ಲ.

ಅವನು ಬಂದಿದ್ದ. ಕಳೆದ ಭಾನುವಾರ. ಇಷ್ಟು ವರ್ಷ ಸ್ಟೇಷನ್ ಎದುರಿನ ಹೋಟೆಲು ದಾಟಿ ಈಚೆ ಬಾರದವನು, ಮನೆಗೇ ಬಂದ. ನನ್ನ ತಾಯಿ ಒಳಗೆ ಕರೆಯಲಿಲ್ಲ. ಜಗಲಿಯಲ್ಲೇ ಚಪ್ಪಲಿ ಬಿಟ್ಟು ಕುಳಿತ. ಮೊದಲು ನನ್ನ ಮೇಲೆ ರೇಗಿದ, ಸಂಸಾರಕ್ಕೆ ಬೆಂಕಿ ಇಟ್ಟೆ ಎಂದ. ಆಮೇಲೆ ದನಿ ಬದಲಾಯಿಸಿದ. ಆ ದನಿ ನನಗೆ ಗೊತ್ತು, ನಿಮಗೂ ಗೊತ್ತಿರುತ್ತದೆ.

"ನೋಡು ಸುಮಾ, ಈಗ ಒಳ್ಳೇದೇ ಆಯ್ತು. ಕೆಂಗೇರೀಲಿ ಒಂದ್ ಮನೆ ನೋಡ್ತಾ ಇದೀನಿ. ಕವನಾ ರಜೆಗೆ ಬಂದು ನನ್ ಜೊತೆ ಇರ್ಲಿ. ನಾನೇ ಲಾಲ್‌ಬಾಗ್, ಪಾರ್ಕು ಎಲ್ಲಾ ತೋರಿಸ್ತೀನಿ."

"ಆ ಮನೆ ಯಾಕೆ ಬಿಟ್ರಿ?" ಎಂದು ಕೇಳಿದೆ. ಏನು ಹೇಳುತ್ತಾನೋ ನೋಡೋಣ ಎಂದೇ ಕೇಳಿದೆ.

"ಬಿಂದುಗೆ ಕವನಾ ಕಂಡ್ರೆ ಆಗಲ್ಲ. ಅವಳು ಬಂದು ಹೋದ್ಮೇಲೆ ದಿನಾ ರಂಪ. ಮಗಳು ಬೇಕಾ ನಾನು ಬೇಕಾ ಅಂದ್ಲು. ನಂಗೆ ನನ್ ಮಗಳೇ ಬೇಕು ಅಂತ ಎದ್ದು ಬಂದೆ."

ಕಣ್ಣಲ್ಲಿ ನೀರೂ ಇತ್ತು. ನಿಜವಾದ ನೀರು. ನಾನು ಒಂದು ಕ್ಷಣ, ಒಂದೇ ಕ್ಷಣ, ನಂಬಿದೆ. ಇದನ್ನು ನಿಮಗೆ ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ.

ಕವನಾ ಬಾಗಿಲ ಹಿಂದೆ ಇದ್ದಳು. ಈ ಸಲ ಅಲ್ಲಿ ನಿಲ್ಲಲಿಲ್ಲ. ಹೊರಗೆ ಬಂದು ಅವನ ಎದುರು, ನನ್ನ ಕಡೆ ನೋಡದೆ, ಹೇಳಿದಳು.

"ಅಪ್ಪಾ, ಅವತ್ತು ಫೋನ್ ಸ್ಪೀಕರಲ್ಲಿತ್ತು."

"ಯಾವತ್ತು ಪುಟ್ಟಾ?"

"ನಾನ್ ಅಜ್ಜಿ ಫೋನಿಂದ ಮಾಡಿದ್ನಲ್ಲ, ಅವತ್ತು. ಆಂಟಿ ನನ್ ಜಡೆ ಹಾಕ್ತಾ ಇದ್ರು. ನೀನು ಅಂದಿದ್ದೆಲ್ಲ ಕೇಳಿಸ್ಕೊಂಡ್ರು. ಆದ್ರೂ ಅವ್ರು ನಿನ್ ಬಗ್ಗೆ ನಂಗೇನೂ ಅನ್ಲಿಲ್ಲ."

ಮಾತು ಸಿಗದೆ ಕುಳಿತ ಅರುಣ್ ಕುಮಾರನನ್ನು ನಾನು ಮದುವೆಯಾದಂದಿನಿಂದ ನೋಡಿರಲಿಲ್ಲ. ಅವಳು ಒಳಗೆ ಹೋದಳು. ಅವನು ಚಪ್ಪಲಿ ಮೆಟ್ಟಿಕೊಂಡು, ಗೇಟು ಹಾಕದೆ ಹೋದ.

ಅವಳು ಅಳಲಿಲ್ಲ. ಸಂಜೆ ನಾನು ತಲೆ ಬಾಚುವಾಗ, ತುದಿಯವರೆಗೂ ಹೆಣೆಯಮ್ಮ ಎಂದಳು. ಹೆಣೆದೆ. ನನ್ನ ಕೈಗೆ ಅದು ಬರುವುದಿಲ್ಲ, ಸಡಿಲವಾಯಿತು. ಸರಿಯಾಗಿಲ್ಲ ಎಂದು ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ, ನನಗೆ ಬೇಸರವಾಗಬಾರದು ಎಂದು. ಹನ್ನೆರಡು ವರ್ಷದ ಹುಡುಗಿ ಇದನ್ನೆಲ್ಲ ಕಲಿಯಬೇಕಾಯಿತು. ಅವನ ಮೇಲೆ ನನಗಿರುವ ಸಿಟ್ಟಿನಲ್ಲಿ ದೊಡ್ಡ ಪಾಲು ಅದಕ್ಕೇ.

ದಸರಾ ರಜೆಗೆ ನಿಮ್ಮಲ್ಲಿಗೆ ಹೋಗಬೇಕಂತೆ. ಊರು ನೋಡುವುದಕ್ಕಲ್ಲವಂತೆ. ನನಗೆ ಇಷ್ಟವಿಲ್ಲ, ಅದನ್ನು ಅವಳಿಗೂ ಹೇಳಿದ್ದೇನೆ. ಆದರೆ ಬೇಡ ಎನ್ನಲು ಕಾರಣ ಹುಡುಕಿದೆ, ನನ್ನ ಹೊಟ್ಟೆಕಿಚ್ಚು ಬಿಟ್ಟರೆ ಬೇರೆ ಸಿಗಲಿಲ್ಲ. ನಾವು ಗೆಳತಿಯರಾಗುವುದಿಲ್ಲ, ಆ ಆಸೆ ನಿಮಗೂ ಇಲ್ಲವೆಂದು ನಂಬಿದ್ದೇನೆ. ಅವಳು ಬರುವುದು ನಿಮಗೆ ಬೇಡವಾದರೆ ಬೇಡವೆಂದು ನೀವೇ ಬರೆಯಿರಿ, ಆ ಪತ್ರವನ್ನು ಅವಳ ಕೈಗೇ ಕೊಡುತ್ತೇನೆ. ಬೇಕಾದರೂ ನೀವೇ ಬರೆಯಿರಿ. ನಮ್ಮಿಬ್ಬರ ಮಾತನ್ನು ಮೂರನೆಯವರ ಬಾಯಲ್ಲಿ ಕೇಳಿಸಿಕೊಳ್ಳುವ ಕಾಲ ಮುಗಿಯಿತು.

ಸುಮಾ